ವಿಡಂಬನೆಗೆ ಮೊದಲು ನಾನು ಬರೆಯುವ ವರದಿ

ಪತ್ರಿಕೆಗಳಿಗೆ ವಿಡಂಬನಾ ಲೇಖನಗಳನ್ನು ಬರೆಯುವ ನನ್ನನ್ನು ಹೊಸ ಬರಹಗಾರರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೆಂದರೆ, ನಗೆಯ ಸಾಮಗ್ರಿ ಎಲ್ಲಿ ಸಿಗುತ್ತದೆ ಎಂಬುದು. ನನಗೆ ಅದು ಮಾಹಿತಿಯಲ್ಲಿ ಸಿಗುತ್ತದೆ. ಯಾವ ವ್ಯವಸ್ಥೆಯನ್ನು ಕುರಿತು ಬರೆಯಬೇಕೋ ಅದರ ನಿಯಮಾವಳಿ, ಅರ್ಜಿ ನಮೂನೆ, ಸುತ್ತೋಲೆ, ಪ್ರಕಟಣೆಗಳನ್ನು ಓದಿ, ಅಲ್ಲಿ ಕೆಲಸ ಮಾಡುವವರನ್ನೂ ಅಲ್ಲಿಗೆ ಅಲೆದು ಸುಸ್ತಾದವರನ್ನೂ ಮಾತನಾಡಿಸಿ, ನಗೆಯ ಸೋಂಕಿಲ್ಲದ ನೇರ ವರದಿಯೊಂದನ್ನು ಮೊದಲು ಬರೆದುಕೊಳ್ಳುತ್ತೇನೆ. ಈ ವರದಿ ಸಾಮಾನ್ಯವಾಗಿ ಎಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಅದನ್ನು ಬರೆಯದೆ ನಾನು ಯಾವ ವಿಡಂಬನೆಗೂ ಕೈಹಾಕುವುದಿಲ್ಲ.

ವಿಡಂಬನೆಯೆಂದರೆ ಎಲ್ಲವನ್ನೂ ಉಬ್ಬಿಸಿ ಹೇಳುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ನನ್ನ ಅನುಭವದಲ್ಲಿ ಒಂದು ಲೇಖನ ಒಂದೇ ಅತಿಶಯವನ್ನು ತಾಳಿಕೊಳ್ಳಬಲ್ಲದು. ಮಿಕ್ಕ ವಿವರಗಳೆಲ್ಲ ವಾಸ್ತವಕ್ಕೆ ಕೂದಲೆಳೆಯಷ್ಟೂ ತಪ್ಪದಿದ್ದರೆ ಮಾತ್ರ ಆ ಒಂದು ಅತಿಶಯ ಓದುಗನ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಟೀಕೆಗೆ ಗುರಿಯಾದವರು ಲೇಖನದ ತಿರುಳಿಗೆ ಉತ್ತರ ಕೊಡುವುದಿಲ್ಲ. ಯಾವುದೋ ಒಂದು ತಪ್ಪು ವಿವರವನ್ನು ಹಿಡಿದು, ಇಡೀ ಬರಹವೇ ಸುಳ್ಳೆಂದು ತಳ್ಳಿಹಾಕುತ್ತಾರೆ. ಅವರಿಗೆ ಅಂಥದೊಂದು ಎಳೆ ಸಿಗದಂತೆ ನೋಡಿಕೊಳ್ಳುವುದು ಬರೆಯುವವನ ಮೊದಲ ಹೊಣೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಸಾರ್ವಜನಿಕ ಕಚೇರಿಯೊಂದರ ದೂರು ಪೆಟ್ಟಿಗೆ ಒಮ್ಮೆ ನನ್ನ ವಸ್ತುವಾಗಿತ್ತು. ಪೆಟ್ಟಿಗೆಗೆ ಬೀಗ ಹಾಕಿತ್ತು, ಬೀಗದ ಕೈ ಯಾರ ಬಳಿ ಇದೆಯೆಂದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಜನರು ಮಾತ್ರ ಚೀಟಿಗಳನ್ನು ತುರುಕುತ್ತಲೇ ಇದ್ದರು. ಇಷ್ಟೂ ನಿಜ. ಬರೆಯಲು ಕುಳಿತಾಗ ಮೊದಲು ಹೊಳೆದದ್ದು ಪೆಟ್ಟಿಗೆಯೊಳಗೆ ಗೂಡು ಕಟ್ಟಿದ ಹಲ್ಲಿ, ಕುರ್ಚಿಯಲ್ಲೇ ಗೊರಕೆ ಹೊಡೆಯುವ ಅಧಿಕಾರಿ, ಪೆಟ್ಟಿಗೆಯ ಮೇಲೆ ಊಟದ ಡಬ್ಬಿ ಇಟ್ಟ ಜವಾನ. ಥಟ್ಟನೆ ಹೊಳೆಯುವ ಇಂಥ ಚಿತ್ರಗಳು ಓದುಗನಿಗೂ ಅಷ್ಟೇ ಬೇಗ ಹೊಳೆದಿರುತ್ತವೆ. ಆದ್ದರಿಂದ ಅವನ್ನು ಪಟ್ಟಿ ಮಾಡಿ ಬದಿಗಿಡುವುದು ನನ್ನ ರೂಢಿ. ಕೊನೆಗೆ ಇಡೀ ಲೇಖನವನ್ನು ಆ ಕಚೇರಿಯೇ ಹೊರಡಿಸಿದ ಸುತ್ತೋಲೆಯಾಗಿ ಬರೆದೆ. ಅದರ ಮುಖ್ಯ ವಾಕ್ಯ ಇದು: “ದೂರು ಪೆಟ್ಟಿಗೆಯ ಬೀಗದ ಕೈ ಲಭ್ಯವಿಲ್ಲದಿರುವ ಬಗ್ಗೆ ಸಾರ್ವಜನಿಕರು ತಮ್ಮ ದೂರುಗಳನ್ನು ಲಿಖಿತವಾಗಿ ಸದರಿ ಪೆಟ್ಟಿಗೆಯಲ್ಲೇ ಸಲ್ಲಿಸತಕ್ಕದ್ದು, ಈವರೆಗೆ ಅಂತಹ ಯಾವುದೇ ದೂರು ಕಚೇರಿಯ ಗಮನಕ್ಕೆ ಬಂದಿರುವುದಿಲ್ಲ.”

ಈ ವಾಕ್ಯದ ಮೊದಲ ಭಾಗ ಅತಿಶಯ. ಎರಡನೆಯ ಭಾಗದಲ್ಲಿ ಅತಿಶಯವೇ ಇಲ್ಲ. ಪೆಟ್ಟಿಗೆ ತೆರೆಯದ ಮೇಲೆ ದೂರು ಗಮನಕ್ಕೆ ಬಂದಿಲ್ಲವೆಂಬುದು ಕಡತದ ಪ್ರಕಾರ ಪೂರ್ಣ ಸತ್ಯ. ಆಡಳಿತವು ಹೀಗೆ ಸತ್ಯವನ್ನೇ ಹೇಳಿ ಜವಾಬ್ದಾರಿಯಿಂದ ನುಣುಚಿಕೊಳ್ಳುತ್ತದೆ ಎಂಬುದೇ ನಾನು ತೋರಿಸಬೇಕಾಗಿದ್ದ ಸಂಗತಿ. ಎರಡೂ ಭಾಗಗಳ ನಡುವೆ “ವಿಚಿತ್ರವೆಂದರೆ” ಎಂಬ ಪದವಿತ್ತು, ಅದನ್ನು ಹೊಡೆದುಹಾಕಿದೆ. ಸುತ್ತೋಲೆ ಬರೆದ ಅಧಿಕಾರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ, ಕಾಣಬಾರದು ಕೂಡ. ಮಾತನಾಡುವ ಪಾತ್ರ ತನ್ನ ಮಾತನ್ನು ಪೂರ್ತಿ ನಂಬಿರಬೇಕು, ಅಸಂಬದ್ಧತೆಯನ್ನು ಕಂಡುಹಿಡಿಯುವ ಸಂತೋಷ ಓದುಗನಿಗೆ ಉಳಿಯಬೇಕು.

ಈ ಪಾಠವನ್ನು ನಾನು ಕಲಿತದ್ದು ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್ 1729ರಲ್ಲಿ ಪ್ರಕಟಿಸಿದ ‘ಎ ಮಾಡೆಸ್ಟ್ ಪ್ರಪೋಸಲ್’ ಎಂಬ ಪುಟ್ಟ ಪ್ರಬಂಧದಿಂದ. ಐರ್ಲೆಂಡಿನ ಬಡವರ ಹಸುಗೂಸುಗಳನ್ನು ಸಿರಿವಂತರ ಊಟಕ್ಕೆ ಮಾರಬಹುದೆಂದು ಸಲಹೆ ಕೊಡುವ ಅದರ ನಿರೂಪಕ ಒಮ್ಮೆಯೂ ದನಿ ಏರಿಸುವುದಿಲ್ಲ. ವರ್ಷಕ್ಕೆ 1,20,000 ಬಡ ಮಕ್ಕಳು ಹುಟ್ಟುತ್ತಾರೆ, ಅವರಲ್ಲಿ 20,000 ಮಕ್ಕಳನ್ನು ಸಂತಾನಕ್ಕಾಗಿ ಉಳಿಸಿಕೊಂಡು ಮಿಕ್ಕ 1,00,000 ಮಕ್ಕಳನ್ನು ಮಾರಾಟಕ್ಕಿಡಬಹುದು ಎಂದು ಲೆಕ್ಕಪರಿಶೋಧಕನ ಶಾಂತಿಯಲ್ಲಿ ಕೂಡಿ ಕಳೆಯುತ್ತಾನೆ. ಮನುಷ್ಯರನ್ನು ಅಂಕಿಗಳಾಗಿ ಮಾತ್ರ ಕಾಣುವ ಧೋರಣೆಯೇ ಅಲ್ಲಿ ಗುರಿ; ಆದ್ದರಿಂದ ಅಂಕಿಗಳೇ ಅಲ್ಲಿನ ಆಯುಧ. ಅಲ್ಲಿ ನಗು ಬಂದರೂ ಅದು ಗಂಟಲಲ್ಲೇ ನಿಲ್ಲುತ್ತದೆ, ಮತ್ತು ಹಾಗೆ ನಿಲ್ಲಬೇಕೆಂಬುದೇ ಲೇಖಕನ ಉದ್ದೇಶ.

ಬರೆದು ಮುಗಿಸಿದ ಮೇಲೆ ಪ್ರತಿಯೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿಕೊಂಡು, ಇಲ್ಲಿ ನಗೆ ಯಾರ ಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳುತ್ತೇನೆ. ನನ್ನ ಕೆಲಸದಲ್ಲಿ ಅತ್ಯಂತ ಹೆಚ್ಚು ಸಮಯ ಹೋಗುವುದು ಇದಕ್ಕೇ. ದೂರು ಪೆಟ್ಟಿಗೆಯ ಲೇಖನದಲ್ಲಿ, ಅಕ್ಷರ ಸರಿಯಾಗಿ ಬಾರದ ಒಬ್ಬರು ಬರೆದ ಚೀಟಿಯ ತಪ್ಪುಗಳನ್ನು ಹಾಗೆಯೇ ಕೊಟ್ಟಿದ್ದರೆ ಓದುಗರು ಖಂಡಿತ ನಗುತ್ತಿದ್ದರು. ಆದರೆ ಆ ನಗು ಕಚೇರಿಯನ್ನು ಬಿಟ್ಟು ನೊಂದವರ ಮೇಲೆ ಬೀಳುತ್ತಿತ್ತು. ಜವಾನನ ಡಬ್ಬಿಯೂ ಅದೇ ಬಗೆಯದು: ಬೀಗದ ಕೈಯ ಹೊಣೆ ಅವನದಲ್ಲ. ದೇಹ, ಹುಟ್ಟು, ಬಡತನ, ಉಚ್ಚಾರಣೆ ಇವು ಯಾವುವೂ ಮನುಷ್ಯ ತಾನಾಗಿ ಆರಿಸಿಕೊಂಡವಲ್ಲ. ನಡತೆ ಮತ್ತು ಅಧಿಕಾರದ ಬಳಕೆ ಆರಿಸಿಕೊಂಡವು. ಎರಡನೆಯದಕ್ಕೆ ಮಾತ್ರ ನನ್ನ ಲೇಖನಿಯನ್ನು ಮೀಸಲಿಟ್ಟಿದ್ದೇನೆ.

ಈ ವಿಷಯದಲ್ಲಿ ನಮ್ಮ ಕಾವ್ಯಮೀಮಾಂಸೆಯನ್ನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿ, ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಹಲ್ಲು ಕಾಣದ ಸ್ಮಿತದಿಂದ ಅಬ್ಬರದ ಅತಿಹಸಿತದವರೆಗಿನ ಈ ಏಣಿಯಲ್ಲಿ ಅಬ್ಬರದ ನಗೆಗೆ ಕೆಳಗಿನ ಸ್ಥಾನವಿದೆ. ಅದೇ ಶಾಸ್ತ್ರ ವಿಕೃತ ವೇಷ, ವಿಕೃತ ಆಕಾರಗಳನ್ನೂ ಹಾಸ್ಯದ ಕಾರಣಗಳೆಂದು ಹೇಳುತ್ತದೆ. ರಂಗದ ಮೇಲೆ ಅದು ಸಲ್ಲುತ್ತಿದ್ದಿರಬಹುದು, ಆದರೆ ಅಲ್ಲಿಂದ ಇಲ್ಲಿಯವರೆಗೆ ಅಂಗವೈಕಲ್ಯವನ್ನು ನಗೆಯ ವಸ್ತುವಾಗಿಸುತ್ತ ಬಂದ ಸಲೀಸುತನವನ್ನು ನಾನು ಒಪ್ಪಲಾರೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ನನಗೆ ಹೆಚ್ಚು ಹತ್ತಿರದವನು. ಲಂಚಕೋರ ಕರಣಿಕರನ್ನು ಅವರ ಲೆಕ್ಕಪತ್ರಗಳ ಸಮೇತ ಎದುರಿಗೆ ನಿಲ್ಲಿಸಿದ ಆತನ ಪದ್ಯಗಳನ್ನು ಓದುವಾಗ ಕಚೇರಿಯ ಬಗ್ಗೆ ಬರೆಯುವ ನನಗೆ ಹಿರಿಯರೊಬ್ಬರ ಜೊತೆ ಸಿಕ್ಕಂತಾಗುತ್ತದೆ.

ಕನ್ನಡದಲ್ಲಿ, ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು, 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆ ಯಾರನ್ನೂ ಹೀಯಾಳಿಸದೆ ನಗಿಸಬಹುದೆಂಬುದನ್ನು ತಿಂಗಳು ತಿಂಗಳೂ ತೋರಿಸಿತು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ಕೆಲವು ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. ದೇಶದ ಮಟ್ಟದಲ್ಲಿ, 1948ರಲ್ಲಿ ಶುರುವಾದ ‘ಶಂಕರ್ಸ್ ವೀಕ್ಲಿ’ ಎಂಬ ವ್ಯಂಗ್ಯಚಿತ್ರ ಪತ್ರಿಕೆ ತುರ್ತು ಪರಿಸ್ಥಿತಿಯ 1975ರಲ್ಲಿ ನಿಂತುಹೋಯಿತು. ನಗುವುದಕ್ಕೆ ಸಮಾಜದಲ್ಲಿ ಎಷ್ಟು ಜಾಗವಿದೆ ಎಂಬುದರಿಂದ ಅಲ್ಲಿನ ಆಡಳಿತದ ಆರೋಗ್ಯವನ್ನು ಅಳೆಯಬಹುದೆಂದು ನಾನು ದೃಢವಾಗಿ ನಂಬಿದ್ದೇನೆ.

ಹೊಸಬರಿಗೆ ಇನ್ನೊಂದು ಮಾತನ್ನು ಹೇಳಬೇಕು. ಸಾವು ನೋವಿನ ಸುದ್ದಿ ಬಿಸಿಯಾಗಿರುವಾಗ, ಅದಕ್ಕೆ ಕಾರಣವಾದ ನಿರ್ಲಕ್ಷ್ಯ ಎಷ್ಟೇ ವಿಡಂಬನೆಗೆ ತಕ್ಕುದಾಗಿದ್ದರೂ, ನಾನು ಆ ಪ್ರಕಾರವನ್ನು ಮುಟ್ಟುವುದಿಲ್ಲ. ನೊಂದ ಮನೆಯವರು ಅದೇ ಪುಟವನ್ನು ತೆರೆಯುತ್ತಾರೆ, ಸುತ್ತೋಲೆಯ ಧಾಟಿಯನ್ನು ಅರ್ಥಮಾಡಿಕೊಳ್ಳುವ ವ್ಯವಧಾನ ಆಗ ಅವರಿಗಿರುವುದಿಲ್ಲ. ಅಂಥ ವಾರಗಳಲ್ಲಿ ಮೊದಲು ಬರೆದಿಟ್ಟ ನೇರ ವರದಿಯನ್ನೇ, ಹೆಸರು, ದಿನಾಂಕ, ಆದೇಶ ಸಂಖ್ಯೆಗಳ ಸಮೇತ ಸಂಪಾದಕರಿಗೆ ಕಳುಹಿಸಿಕೊಡುತ್ತೇನೆ.