ಸೆಕ್ರೆಟರಿ ಇಲ್ಲ, ನಾಳೆ ಬನ್ನಿ

ನಮ್ಮ ಸಂಘದ ಹಲಗೆಯ ಮೇಲೆ ನನ್ನ ಹುದ್ದೆ ಮುಖ್ಯ ಕಾರ್ಯನಿರ್ವಾಹಕ ಎಂದಿದೆ. ಊರಿನವರಿಗೆ ನಾನು ಸೆಕ್ರೆಟರಿ. ಶಿರಸಿಯಿಂದ ಕುಮಟಾದ ಕಡೆಗೆ ಹೊರಟರೆ ದೇವಿಮನೆ ಘಟ್ಟ ಇಳಿಯುವ ಮೊದಲು ಎಡಕ್ಕೂ ಬಲಕ್ಕೂ ಒಡೆಯುವ ಕಿರುರಸ್ತೆಗಳಲ್ಲಿ ಒಂದರ ತುದಿಗೆ ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. ಬೆಳೆಸಾಲ, ಠೇವಣಿ, ಗೊಬ್ಬರ, ಪಡಿತರ, ಕಿರಾಣಿ ಎಲ್ಲವೂ ಒಂದೇ ಮಾಡಿನ ಕೆಳಗೆ. ನನ್ನನ್ನೂ ಸೇರಿಸಿ ಏಳು ಜನ ಸಿಬ್ಬಂದಿ.

ಈ ಕುರ್ಚಿಗೆ ಬಂದು ಹದಿನೈದು ವರ್ಷ ದಾಟಿತು. ಮೊದಲ ಎಂಟು ವರ್ಷ ನಾನು ಬಹಳ ಒಳ್ಳೆಯ ಸೆಕ್ರೆಟರಿ ಎಂದೇ ನಂಬಿದ್ದೆ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುತ್ತಿದ್ದೆ, ಎಲ್ಲರೂ ಹೋದ ಮೇಲೆ ಬೀಗ ಹಾಕುತ್ತಿದ್ದೆ. ಬಾಳೆಲೆಯ ಮುಂದೆ ಕುಳಿತಾಗಲೂ ಎಡಗೈಯಲ್ಲಿ ಮೊಬೈಲ್. "ಸೆಕ್ರೆಟರಿ ಇಲ್ಲದಿದ್ದರೆ ಸೊಸೈಟಿ ನಡೆಯುವುದೇ ಇಲ್ಲ" ಎಂದು ಯಾರಾದರೂ ಹೇಳಿದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಅದೇ ಮಾತನ್ನು ಒಬ್ಬರು ತುಂಬಿದ ಸಭೆಯಲ್ಲಿ ದೂರಾಗಿ ಹೇಳುವವರೆಗೆ ಅದಕ್ಕೆ ಇನ್ನೊಂದು ಮುಖವಿದೆ ಎಂದು ನನಗೆ ಹೊಳೆದಿರಲಿಲ್ಲ.

2018ರ ಜೂನ್. ಅಡಿಕೆ ತೋಟದವರಿಗೆ ಆ ತಿಂಗಳು ಏನೆಂದು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಎಳೆ ಅಡಿಕೆ ಉದುರಿಸುವ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಬಿಡುವು ಕೊಟ್ಟ ದಿನವೇ ಹೊಡೆಯಬೇಕು, ಆ ದಿನವೇ ಕೊನೆಗೌಡ ಸಿಗಬೇಕು. ಮರ ಹತ್ತುವವರು ಊರಿಗೆ ಇಬ್ಬರೋ ಮೂವರೋ. ಅವರ ಒಂದು ದಿನ ತಪ್ಪಿದರೆ ಸರದಿ ಮತ್ತೆ ಬರುವುದಕ್ಕೆ ವಾರ ಬೇಕು, ಹತ್ತು ದಿನವೂ ಆಗಬಹುದು.

ಅಂಥ ಒಂದು ದಿನ ನಾನು ಶಿರಸಿಯಲ್ಲಿ ಸಭೆಯಲ್ಲಿದ್ದೆ. ಒಬ್ಬ ಹಿರಿಯ ಸದಸ್ಯರು ಹದಿನೈದು ಕಿಲೋ ಮೈಲುತುತ್ತ ಉದ್ರಿಯಲ್ಲಿ ಕೇಳಿಕೊಂಡು ಬಂದರು. ಕಟಬಾಕಿ, ಎಂದರೆ ಅವಧಿ ಮೀರಿದ ಸಾಲ, ಇರಲಿಲ್ಲ, ಒಳ್ಳೆಯ ಖಾತೆ. ಆದರೆ ಉದ್ರಿಗೆ ನನ್ನ ಒಪ್ಪಿಗೆ ಬೇಕಿತ್ತು. ಕೌಂಟರಿನ ಹುಡುಗ ನನಗೆ ಫೋನ್ ಮಾಡಿದ. ಕರೆಂಟ್ ಹೋಗಿ ಟವರ್ ಸತ್ತಿತ್ತು. ಹತ್ತು ಗಂಟೆಗೆ ಬಂದವರು ಮಧ್ಯಾಹ್ನ ಎರಡರವರೆಗೆ ಜಗಲಿಯ ಮೇಲೆ ಕುಳಿತು, "ಸೆಕ್ರೆಟರಿ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿಸಿಕೊಂಡು ಕೊಡೆ ಬಿಡಿಸಿ ಹೋದರು. ಮರುದಿನದಿಂದ ಮಳೆ ಹಿಡಿಯಿತು.

ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸಭೆ ಮುಗಿಸಬೇಕೆಂಬುದು ಸಹಕಾರಿ ಕಾಯ್ದೆಯ ನಿಯಮ. ಆ ವರ್ಷ ಜಿಲ್ಲೆಯಲ್ಲಿ ಕೊಳೆ ಜೋರಾಗಿತ್ತು, ಸಭೆಗೆ ಬಂದವರ ಮುಖವೂ ಹಾಗೆಯೇ ಇತ್ತು. ಇತರ ವಿಷಯಗಳ ಸರದಿ ಬಂದಾಗ ಆ ಹಿರಿಯರು ಎದ್ದು ನಿಂತರು. ದನಿ ಏರಿಸಲಿಲ್ಲ. "ಮೈಲುತುತ್ತ ಗೋದಾಮಿನಲ್ಲಿತ್ತು. ಕೊಡುವ ಹುಡುಗ ಎದುರಿಗಿದ್ದ. ನಾನೂ ಇದ್ದೆ. ಸೆಕ್ರೆಟರಿಯವರೇ, ನೀವೊಬ್ಬರು ಇರಲಿಲ್ಲ ಎಂದು ನನ್ನ ಅರ್ಧ ಎಕರೆ ಉದುರಿತು" ಎಂದು ಹೇಳಿ ಕುಳಿತರು. ಉತ್ತರ ಹೇಳಬೇಕಾದವನು ನಾನು. ಕರೆಂಟ್, ಟವರ್ ಎಂದು ಏನೋ ಹೇಳಿದೆ. ಯಾರೂ ತಲೆಯಾಡಿಸಲಿಲ್ಲ.

ಅದಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಒಂದು ನೂರು ಪುಟದ ನೋಟುಪುಸ್ತಕ ತಂದದ್ದು. ಯಾರು ಏನೇ ಒಪ್ಪಿಗೆ ಕೇಳಿದರೂ ಒಂದು ಸಾಲು: ಏನು ಕೇಳಿದರು, ನಾನೇನು ಹೇಳಿದೆ. ಬೇರೇನೂ ಇಲ್ಲ. ಎರಡು ವಾರದಲ್ಲಿ 93 ಸಾಲುಗಳಾದವು. ಮಳೆ ಸುರಿಯುತ್ತಿದ್ದ ಒಂದು ಭಾನುವಾರ ಕುಳಿತು ಓದಿದೆ. ನಿಜವಾಗಿ ನಾನು ಯೋಚಿಸಿ ಹೇಳಿದ್ದು ಹನ್ನೆರಡು. ಉಳಿದ 81ಕ್ಕೂ ನನ್ನ ಉತ್ತರ "ಆಯಿತು, ಕೊಡು". ಪಶು ಆಹಾರದ ಹರಿದ ಚೀಲ ಬದಲಿಸಿಕೊಡಲೇ? ಆಯಿತು, ಕೊಡು. ಪಾಸ್‌ಬುಕ್ ಕಳೆದಿದೆಯಂತೆ, ಹೊಸದು ಕೊಡಲೇ? ಆಯಿತು, ಕೊಡು. ಒಂದೇ ಪ್ರಶ್ನೆಯನ್ನು ಒಂದೇ ಹುಡುಗಿ ಒಂಬತ್ತು ಸಲ ಕೇಳಿದ್ದಳು. ಅವಳಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಎಂದೋ ಒಮ್ಮೆ ಕೇಳದೆ ಕೊಟ್ಟಿದ್ದಕ್ಕೆ "ನನ್ನನ್ನು ಕೇಳಬೇಕೆಂದು ಗೊತ್ತಾಗಲಿಲ್ಲವೇ?" ಎಂದು ನಾನೇ ಗದರಿದ್ದೆ.

ಎಷ್ಟೇ ಕೆಲಸವಿದ್ದರೂ ಈ ಎರಡು ವಾರದ ಲೆಕ್ಕವನ್ನು ಪ್ರತಿಯೊಬ್ಬ ಮ್ಯಾನೇಜರ್ ಒಮ್ಮೆ ಬರೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ನಾಯಕತ್ವದ ಎರಡು ದಿನದ ತರಬೇತಿಯೊಂದಕ್ಕೆ ನಾನೂ ಹೋಗಿದ್ದೆ. ಊಟ ಚೆನ್ನಾಗಿತ್ತು. ಆದರೆ ನೋಟುಪುಸ್ತಕ ತೋರಿಸಿದ್ದನ್ನು ಅಲ್ಲಿ ಯಾರೂ ತೋರಿಸಲಿಲ್ಲ.

ಉದ್ರಿಯ ಅಧಿಕಾರವನ್ನು ನನ್ನಷ್ಟಕ್ಕೆ ಬಿಟ್ಟುಕೊಡುವಂತಿರಲಿಲ್ಲ, ಆಡಳಿತ ಮಂಡಳಿಯ ಠರಾವು ಬೇಕು. ಕಟಬಾಕಿ ಇಲ್ಲದ ಸದಸ್ಯರಿಗೆ ಐದು ಸಾವಿರದವರೆಗೆ ಕೌಂಟರಿನಲ್ಲಿ ಕುಳಿತವರೇ ಕೊಡಬಹುದು, ಹದಿನೈದು ಸಾವಿರದವರೆಗೆ ಹಿರಿಯ ಗುಮಾಸ್ತೆ, ಅದಕ್ಕೆ ಮೇಲ್ಪಟ್ಟದ್ದು ನನಗೆ ಎಂದು ಬರೆದು ಮುಂದಿಟ್ಟೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಹಣ ಹೋದರೆ ಯಾರು ಹೊಣೆ?" ಎಂದರು.

"ನಾನೇ."

"ಕೊಡುವವರು ಅವರು, ಹೊಣೆ ನಿಮ್ಮದು. ಇದು ಯಾವ ನ್ಯಾಯ?"

ನ್ಯಾಯ ನನಗೂ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಉದ್ರಿಯ ಪಟ್ಟಿಯನ್ನು ನಾನು ನೋಡಿ ರುಜು ಹಾಕಬೇಕೆಂಬ ಷರತ್ತಿನ ಮೇಲೆ ಠರಾವು ಆಯಿತು. ಈಗ ಯೋಚಿಸಿದರೆ ಆ ಷರತ್ತು ಹಾಕಿದ್ದೇ ಒಳ್ಳೆಯದಾಯಿತು. ಅಧಿಕಾರ ಕೊಟ್ಟು ಬೆನ್ನು ತಿರುಗಿಸಿ ಕುಳಿತಿದ್ದರೆ ಮೊದಲ ಮಳೆಗಾಲದಲ್ಲೇ ಎಲ್ಲವೂ ಮೊದಲಿನಂತೆ ಆಗುತ್ತಿತ್ತು.

ಮಿತಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಕೌಂಟರಿನ ಒಳಬದಿಗೆ ಅಂಟಿಸಿದೆ. ಮೂರನೆಯ ವಾರ ಎಡವಟ್ಟಾಯಿತು. ಹುಡುಗ ಒಬ್ಬ ಸುಸ್ತಿದಾರರಿಗೆ 4,200 ರೂಪಾಯಿ ಉದ್ರಿ ಕೊಟ್ಟಿದ್ದ. ಖಾತೆ ಮಗನ ಹೆಸರಿನಲ್ಲಿತ್ತು, ಕಟಬಾಕಿ ಅಪ್ಪನ ಹೆಸರಿನಲ್ಲಿ. ಮೂಗಿನ ತುದಿಯವರೆಗೆ ಸಿಟ್ಟು ಬಂತು, ಆ ಕಾಗದವನ್ನು ಕಿತ್ತು ಹಾಕಿಬಿಡೋಣ ಎನಿಸಿತು. ಕಿತ್ತಿದ್ದರೆ ಮತ್ತೆ ಯಾರೂ ನನ್ನ ಮಾತು ನಂಬುತ್ತಿರಲಿಲ್ಲ. ಕಾಗದದ ಕೆಳಗೆ "ಒಂದೇ ಮನೆಯ ಎಲ್ಲ ಖಾತೆ ನೋಡಿ" ಎಂದು ಅವನ ಕೈಯಲ್ಲೇ ಒಂದು ಸಾಲು ಸೇರಿಸಿದೆವು. ಆ ಹಣ ಪೂರ್ತಿ ಬರುವುದಕ್ಕೆ ಎರಡು ಕೊಯ್ಲು ಬೇಕಾಯಿತು.

ಇದಕ್ಕಿಂತ ಕಷ್ಟದ್ದು ನನ್ನ ಬಾಯಿ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ರಸಗೊಬ್ಬರವನ್ನು ರೈತರ ಆಧಾರ್ ಮತ್ತು ಹೆಬ್ಬೆಟ್ಟು ಪಡೆದು ಯಂತ್ರದ ಮೂಲಕವೇ ಮಾರಬೇಕು ಎಂಬ ಪದ್ಧತಿ ಬಂದಿತ್ತು. ಯಂತ್ರಕ್ಕೆ ನೆಟ್‌ವರ್ಕ್ ಬೇಕು, ನಮ್ಮ ಜುಲೈಯಲ್ಲಿ ಅದು ಎಲ್ಲಿಂದ ಬರಬೇಕು? ಮರುವರ್ಷ ದಾಸ್ತಾನು ತಾಳೆ ನೋಡಿದಾಗ ಯಂತ್ರದ ಲೆಕ್ಕಕ್ಕಿಂತ ಗೋದಾಮಿನಲ್ಲಿ 14 ಚೀಲ ಯೂರಿಯಾ ಕಡಿಮೆ. ಕದ್ದಿರುವ ಸಾಧ್ಯತೆಯೇ ಇರಲಿಲ್ಲ. 45 ಕಿಲೋದ ಹದಿನಾಲ್ಕು ಚೀಲಗಳನ್ನು ಹೊತ್ತು ನಮ್ಮ ಊರಿನ ಏರಿನಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುವುದೆಂದರೆ ಅದು ಬೇರೆಯೇ ವಿದ್ಯೆ.

ಕೌಂಟರಿನ ಹುಡುಗನನ್ನು ಕರೆದೆ. ಮುಖ ಬಿಳಿಚಿತ್ತು. ಎದುರಿಗೆ ಹತ್ತು ಜನ ಸದಸ್ಯರಿದ್ದರು. ಹಿಂದಿನ ವರ್ಷ ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚು ಬರೆದನೆಂದು ಅಂಥದೇ ಹತ್ತು ಜನರೆದುರು ನಾನು ಇವನ ಮೇಲೆ ಕೂಗಾಡಿದ್ದೆ. ಬಾಯಿಯವರೆಗೆ ಬಂದದ್ದನ್ನು ನುಂಗಿ, "ಬಾ ತಮ್ಮ, ಗೋದಾಮಿಗೆ ಹೋಗೋಣ" ಎಂದೆ.

ಇಬ್ಬರೂ ಚೀಲಗಳ ಮೇಲೆ ಕುಳಿತೆವು. "ಏನಾಯಿತು?" ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಾದೆ. ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಮಾಡಿನ ಶೀಟಿನ ಮೇಲೆ ಮಳೆ ಸುರಿಯುತ್ತಿತ್ತು. ಅವನು ಚೀಲದ ಹೊಲಿಗೆ ದಾರ ಎಳೆಯುತ್ತ ಕುಳಿತ. ಎರಡು ಸಲ ಮಾತು ತೆಗೆಯಬೇಕೆನಿಸಿ ನಾಲಿಗೆ ಕಚ್ಚಿಕೊಂಡೆ. ಕೊನೆಗೆ ಅವನು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ರಶೀದಿ ತೆಗೆದ. ಹಿಂಬದಿಯಲ್ಲಿ ಒಂಬತ್ತು ರೈತರ ಹೆಸರು, ಚೀಲ, ದಿನಾಂಕ. ನೆಟ್‌ವರ್ಕ್ ಇಲ್ಲದ ದಿನ ಮಳೆಯಲ್ಲಿ ನೆನೆದು ಬಂದವರನ್ನು ಬರಿಗೈಯಲ್ಲಿ ಕಳಿಸಲಾರದೆ ಹಣ ಪಡೆದು ಕೊಟ್ಟಿದ್ದ. ಆಮೇಲೆ ಬಂದು ಹೆಬ್ಬೆಟ್ಟು ಕೊಡುತ್ತೇವೆ ಎಂದವರು ಬರಲೇ ಇಲ್ಲ. ಹಣ ಕಿರ್ದಿಯಲ್ಲಿ ಸರಿಯಾಗಿತ್ತು. ಎರಡು ತಿಂಗಳಿನಿಂದ ಆ ರಶೀದಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ.

"ಆವತ್ತೇ ಯಾಕೆ ಹೇಳಲಿಲ್ಲ?"

"ನೀವು ಬೈಯುತ್ತೀರಿ ಎಂದು, ಸಾರ್."

ಯಂತ್ರದಲ್ಲಿ ದಾಸ್ತಾನು ಉಳಿದಂತೆ ಕಂಡರೆ ಮುಂದಿನ ಲೋಡಿಗೆ ತೊಡಕು. ಆವತ್ತೇ ಹೇಳಿದ್ದರೆ ಎರಡು ದಿನದಲ್ಲಿ ಮುಗಿಯುವ ಕೆಲಸ. ನನ್ನ ಬಾಯಿಗೆ ಹೆದರಿ ಎರಡು ತಿಂಗಳು ಬೆಳೆದಿತ್ತು. ಒಂಬತ್ತು ಮನೆಗಳಿಗೂ ನನ್ನ ಬೈಕಿನಲ್ಲೇ ಇಬ್ಬರೂ ಹೋಗಿ ಹೇಳಿ ಬಂದೆವು. ಮೂರು ಕಡೆ ಕಷಾಯ, ಒಂದು ಕಡೆ ಹಲಸಿನ ಹಪ್ಪಳ. ವಾರದೊಳಗೆ ಎಲ್ಲರೂ ಬಂದು ಹೆಬ್ಬೆಟ್ಟು ಒತ್ತಿದರು.

ಆಮೇಲೆ ಒಂದು ಮಾತು ಇಟ್ಟುಕೊಂಡೆವು: ಆ ದಿನದ ತಪ್ಪನ್ನು ಆ ದಿನವೇ ಹೇಳಿದರೆ ಬೈಗುಳ ಇಲ್ಲ. ಹೇಳಿಬಿಟ್ಟರಾಯಿತೇ? ಯಾರೂ ನಂಬಲಿಲ್ಲ. ನಾನೇ ಒಂದು ಠೇವಣಿಯ ನವೀಕರಣದ ದಿನಾಂಕ ಮರೆತು, ಆ ಅಮ್ಮನವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದದ್ದನ್ನು ಎಲ್ಲರೆದುರು ಹೇಳಿದ ಮೇಲೆಯೇ ಒಂದೊಂದಾಗಿ ಬರತೊಡಗಿದವು. ಈಗ ಕೆಲವೊಮ್ಮೆ ಕೇಳಿ ಕೇಳಿ ಸುಸ್ತಾಗುತ್ತದೆ, ಅದು ಬೇರೆ ಮಾತು.

ಹೇಳುವ ಜಾಗ ಬೆಳಗಿನ ಹತ್ತು ನಿಮಿಷ. ಬಾಗಿಲು ತೆರೆಯುವ ಮೊದಲು ಕಷಾಯದ ಲೋಟ ಹಿಡಿದು ಎಲ್ಲರೂ ನಿಂತೇ ಮಾತಾಡುತ್ತೇವೆ. ಕುಳಿತರೆ ಅದು ಸಭೆಯಾಗುತ್ತದೆ, ಸಭೆಯಾದರೆ ನಾನು ಭಾಷಣ ಮಾಡುತ್ತೇನೆ. ಯಾವುದು ಮುಗಿಯುತ್ತಾ ಬಂದಿದೆ, ನಿನ್ನೆ ಏನು ತಪ್ಪಿತು, ಇವತ್ತು ಯಾರು ಜಗಳಕ್ಕೆ ಬರಬಹುದು. ಮೂರನೆಯ ಪ್ರಶ್ನೆ ತಮಾಷೆಗೆ ಶುರುವಾದದ್ದು, ಆದರೆ ಉಪಯೋಗವಾಗುವುದು ಅದೇ. ಹಮಾಲಿಗೆ ಊರಿನ ಸುದ್ದಿ ನನಗಿಂತ ಮೊದಲು ಗೊತ್ತಿರುತ್ತದೆ. "ಮೇಲಿನಕೇರಿಯವರು ಸಾಲದ ನೋಟಿಸು ಕಂಡು ಸಿಟ್ಟಾಗಿದ್ದಾರೆ" ಎಂದು ಅವನು ಹೇಳಿದರೆ, ಅವರು ಬರುವಷ್ಟರಲ್ಲಿ ಕಡತ ಮೇಜಿನ ಮೇಲಿರುತ್ತದೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸಂಘಗಳ ಗಣಕೀಕರಣಕ್ಕೆ 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ನಮ್ಮಲ್ಲೂ ಹೊಸ ತಂತ್ರಾಂಶದ ಮಾತು ಬಂತು. ಅದನ್ನು ನನಗೆ ಕಲಿಸಿದವನು ಅದೇ ಯೂರಿಯಾದ ಹುಡುಗ. ಎರಡು ಸಲ ಹೇಳಿದ್ದನ್ನೇ ಮತ್ತೆ ಕೇಳಿದರೆ ಅವನು ಬೈಯುವುದಿಲ್ಲ, ನಿಟ್ಟುಸಿರು ಬಿಡುತ್ತಾನೆ.

ರಜೆಯ ವಿಷಯ ಒಂದು ಹೇಳಿ ಮುಗಿಸುತ್ತೇನೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರಲ್ಲಿ ಅದು ಮಾರ್ಚ್‌ನಲ್ಲಿ ಬಂತು. ನಮಗೆ ಮಾರ್ಚ್ ಎಂದರೆ ವರ್ಷದ ಲೆಕ್ಕ, ಸಾಲ ವಸೂಲಿ, ನವೀಕರಣದ ಸಾಲು. ಹಿಂದಿನ ಜಾತ್ರೆಗಳಲ್ಲಿ ರಜೆಯ ಪಟ್ಟಿಯನ್ನು ನಾನೇ ಬರೆಯುತ್ತಿದ್ದೆ. ಪ್ರತಿ ಸಲವೂ ಇಬ್ಬರು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಈ ಸಲ ಖಾಲಿ ಹಾಳೆ ಕೊಟ್ಟು, ಕೌಂಟರಿನಲ್ಲಿ ಯಾವಾಗಲೂ ಇಬ್ಬರು, ತಿಜೋರಿಯ ಕೀಲಿ ಇರುವವರು ಒಬ್ಬರು, ಉಳಿದದ್ದು ನಿಮಗೆ ಬಿಟ್ಟದ್ದು ಎಂದೆ. ಅರ್ಧ ಗಂಟೆಯಲ್ಲಿ ಪಟ್ಟಿ ಬಂತು. ನೋಡಿದರೆ ಹಿರಿಯ ಗುಮಾಸ್ತೆ ರಥದ ದಿನ ಕೆಲಸಕ್ಕೆ ಹೆಸರು ಕೊಟ್ಟಿದ್ದಾರೆ.

"ಅಕ್ಕ, ರಥದ ದಿನ ಬೇಡವೇ? ಪ್ರತಿ ಸಲ ನಿಮಗೆ ಅದನ್ನೇ ಕೊಡುತ್ತಿದ್ದೆನಲ್ಲ?"

"ಆ ನೂಕುನುಗ್ಗಲು ನನಗೆ ಆಗುವುದಿಲ್ಲ. ಬಿಡ್ಕಿಬೈಲಿನ ಗದ್ದುಗೆಯಲ್ಲಿ ದೇವಿ ಕುಳಿತ ಮೇಲೆ ಒಂದು ಬೆಳಗಿನ ಜಾವ ಹೋಗಿ ಉಡಿ ತುಂಬಿ ಬಂದರೆ ಸಾಕು. ನೀವು ಪ್ರೀತಿಯಿಂದ ಕೊಡುತ್ತಿದ್ದಿರಿ ಎಂದು ಸುಮ್ಮನಿದ್ದೆ."

ಆರು ಜಾತ್ರೆ. ಹಿರಿಯರೆಂದು ಗೌರವ ತೋರಿಸುತ್ತಿದ್ದೇನೆ ಎಂದುಕೊಂಡು ಅಷ್ಟೂ ಸಲ ಅವರನ್ನು ಜನಜಂಗುಳಿಗೆ ತಳ್ಳಿದ್ದೆ. ಒಮ್ಮೆಯೂ ಕೇಳಿರಲಿಲ್ಲ.

ಎಲ್ಲವೂ ಸರಿಹೋಗಿದೆ ಎಂದೇನೂ ಅಲ್ಲ. ಈಗಲೂ ಯಾರಾದರೂ ಪ್ರಶ್ನೆ ತಂದರೆ ನನ್ನ ನಾಲಿಗೆ ಉತ್ತರದೊಂದಿಗೆ ಓಡುತ್ತದೆ. "ನೀನಾದರೆ ಏನು ಮಾಡುತ್ತೀಯ?" ಎಂದು ಕೇಳಬೇಕೆಂದು ಮೇಜಿನ ಗಾಜಿನ ಕೆಳಗೆ ಚೀಟಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಕಡತ ಇಟ್ಟು ಮರೆಯುತ್ತೇನೆ.

ಕಳೆದ ಜೂನ್‌ನಲ್ಲಿ ಮತ್ತೆ ಶಿರಸಿಯಲ್ಲಿ ಇಡೀ ದಿನದ ಸಭೆ. ಸಂಜೆ ಬಂದು ಕಿರ್ದಿ ತೆರೆದರೆ ಹನ್ನೊಂದು ಉದ್ರಿ, ಎಲ್ಲವೂ ಮೈಲುತುತ್ತ, ಎಲ್ಲವೂ ಮಿತಿಯೊಳಗೆ. ಅದರಲ್ಲಿ ಒಂದು ಆ ಹಿರಿಯ ಸದಸ್ಯರದು, ಹದಿನೈದು ಕಿಲೋ. ಬೆಳಿಗ್ಗೆಯಿಂದ ಯಾರೂ ನನಗೆ ಫೋನ್ ಮಾಡಿರಲಿಲ್ಲ. ಟವರ್ ಹೋಗಿತ್ತೇನೋ ಎಂದು ಮೊಬೈಲ್ ತೆಗೆದು ನೋಡಿದೆ. ನೆಟ್‌ವರ್ಕ್ ಪೂರ್ತಿ ಇತ್ತು.