ಲಾಲ್‌ಬಾಗಿನಲ್ಲಿ ಕೆಂಪೆಲೆ ಹುಡುಕಿದ್ದು

ಮೊದಲ ಸಲ ಹೋಗಿದ್ದು ಅಕ್ಟೋಬರಿನಲ್ಲಿ. ಆಟಮ್ ಅಂದ್ರೆ ಶರದೃತು ಅಂತ ಶಾಲೆಯಲ್ಲಿ ಕಲಿತಿದ್ದು ತಲೆಯಲ್ಲಿತ್ತು. ಅಮೆರಿಕದ ಗೆಳೆಯ ಬೇರೆ ಎಲೆ ಕೆಂಪಾದ ಮೇಪಲ್ ಮರಗಳ ಫೋಟೋ ಕಳಿಸಿ ಹೊಟ್ಟೆ ಉರಿಸಿದ್ದ. ನವರಾತ್ರಿ ರಜೆಯಲ್ಲಿ ಕ್ಯಾಮೆರಾ ಹಿಡಿದು ಲಾಲ್‌ಬಾಗಿಗೆ ಹೋದರೆ, 240 ಎಕರೆಯೂ ಹಸಿರೋ ಹಸಿರು. ಜೊತೆಗೆ ಮಳೆ. ತೊಯ್ದು ತೊಪ್ಪೆಯಾಗಿ ಮನೆಗೆ ಬಂದೆ.

"ಎಲೆ ಉದುರೋದು ಶಿಶಿರದಲ್ಲಿ ಕಣೋ. ದಸರಾಕ್ಕೆ ಹೋದ್ರೆ ಏನ್ ಸಿಗತ್ತೆ?" ಅಂದಳು ಅಮ್ಮ, ಟವೆಲ್ ಎಸೆದು.

ಶಿಶಿರ ಅಂದ್ರೆ ಮಾಘ, ಫಾಲ್ಗುಣ. ಇಲ್ಲಿನ ಮರಗಳು ಹಿಮಕ್ಕೆ ಹೆದರಿ ಎಲೆ ಉದುರಿಸೋದಿಲ್ಲ. ಮಣ್ಣು ಒಣಗುತ್ತಾ ಬಂದಾಗ ನೀರು ಉಳಿಸೋಕೆ ಉದುರಿಸುತ್ತವೆ.

ಹಾಗಾಗಿ ಎರಡನೇ ಸಲ ಫೆಬ್ರವರಿಯಲ್ಲಿ, ಬೆಳಿಗ್ಗೆ ಏಳಕ್ಕೇ ಹೋದೆ. ಹುಡುಕಿದ್ದು ಕಾಡುಬಾದಾಮಿ ಮರ. ಕೊಡೆ ಮೇಲೆ ಕೊಡೆ ಇಟ್ಟ ಹಾಗೆ ಕೊಂಬೆ ಚಾಚುತ್ತಲ್ಲ, ಅದೇ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲೂ ಇದೆ, ನಾವು ನೋಡೋದಿಲ್ಲ ಅಷ್ಟೇ. ಆದರೆ ಅಷ್ಟರಲ್ಲೇ ಅರ್ಧ ಎಲೆ ಗುಡ್ಡೆ ಸೇರಿತ್ತು. ಪೊರಕೆ ಹಿಡಿದು ಗುಡಿಸುತ್ತಿದ್ದ ಹೆಂಗಸು ನಕ್ಕರು. "ಇದ್ರ ಫೋಟೋನಾ ಸಾರ್? ನಮ್ಗೆ ಗುಡ್ಸೀ ಗುಡ್ಸೀ ಸಾಕಾಗೋಗಿದೆ!"

ಗುಡ್ಡೆಯಿಂದಲೇ ಒಂದು ಎಲೆ ಎತ್ತಿಕೊಂಡೆ. ನನ್ನ ಅಂಗೈಗಿಂತ ದೊಡ್ಡದು, ಚಪ್ಪಲಿ ತೊಗಲಿನಷ್ಟು ಬಿರುಸು. ಅಂಚೆಲ್ಲ ದಾಳಿಂಬೆ ಕೆಂಪು. ನಡುನರದ ಪಕ್ಕ ಮಾತ್ರ ಇನ್ನೂ ಹಳದಿ, ಅಲ್ಲಲ್ಲಿ ಹಸಿರಿನ ಚೂರು. ಮರ ಹಸಿರನ್ನು ಒಡೆದು ಸಾರ ವಾಪಸ್ ಎಳೆದುಕೊಳ್ಳುವಾಗ, ಒಳಗೆ ಮೊದಲೇ ಇದ್ದ ಹಳದಿ ಕಾಣುತ್ತೆ. ಕೆಂಪು ಹಾಗಲ್ಲ. ಅದು ಉದುರುವ ಮುಂಚೆ ಹೊಸದಾಗಿ ತಯಾರಾಗಿದ್ದು. ಹೋಗೋ ಎಲೆಗೆ ಯಾಕಪ್ಪಾ ಈ ಶೃಂಗಾರ ಅನ್ನಿಸಿತು.

ಫೋಟೋ ಮೊದಲು ಚೆನ್ನಾಗಿ ಬರಲಿಲ್ಲ, ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಮರದ ಬುಡಕ್ಕೆ ಹೋಗಿ, ಎಲೆಯಾಚೆ ಸೂರ್ಯ ಬರುವ ಹಾಗೆ ನಿಂತಾಗ ಒಂದೊಂದು ಎಲೆಯೂ ದೀಪ ಹಚ್ಚಿದಂತಾಯಿತು. ಒಂಬತ್ತರ ಮೇಲೆ ಸೂರ್ಯ ಮೇಲೇರಿ ಆ ಕಳೆ ಹೋಯಿತು.

ಅವತ್ತು ಬೇರೆಯವರೆಲ್ಲ ಕ್ಯಾಮೆರಾ ಹಿಡಿದಿದ್ದು ಟಬೂಬಿಯಾ ಹೂಗಳಿಗೆ. ತಪ್ಪೇನಿಲ್ಲ ಬಿಡಿ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಗಿಡ ನೆಡಿಸಿದವರು. ಊರಿನ ಕಣ್ಣಿಗೆ ಹೂವೇ ಅಭ್ಯಾಸ.

ಯುಗಾದಿ ಹತ್ತಿರ ಸುಮ್ನೆ ಇನ್ನೊಂದು ಸುತ್ತು ಹಾಕಿದೆ. ಕಾಡುಬಾದಾಮಿ ಆಗಲೇ ಹಸಿರಾಗಿತ್ತು. ಅರಳಿ ಮರ ಮಾತ್ರ ತಾಮ್ರದ ತಂಬಿಗೆ ತಿಕ್ಕಿಟ್ಟ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ವಾಕ್ ಮಾಡುತ್ತಿದ್ದ ಹಿರಿಯರು ನಿಂತು ಕೇಳಿದರು, "ಪಾಪ, ಒಣಗ್ತಾ ಇದೆಯಾ?"

"ಇಲ್ಲ ಸಾರ್, ಚಿಗುರು," ಅಂದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.