ಆಲ್ಫಾ ಸಾಂಬಾವನ್ನು ಕಚೇರಿಗೆ ತಂದು ಪಳಗಿಸಿದ್ದು: ನನ್ನ ಅನುಭವ

ಸಾಂಬಾ ಅಂದರೆ ವಿಂಡೋಸ್ ಕಂಪ್ಯೂಟರುಗಳಿಗೆ ಫೈಲು, ಪ್ರಿಂಟರು, ಲಾಗಿನ್ ಒದಗಿಸುವ ಉಚಿತ ಸರ್ವರ್ ತಂತ್ರಾಂಶ. ಅದರ 4.0.0 ಆವೃತ್ತಿ ಅಧಿಕೃತವಾಗಿ ಹೊರಬಂದದ್ದು 2012ರ ಡಿಸೆಂಬರ್ 11ಕ್ಕೆ. ಅಷ್ಟು ಹೊತ್ತಿಗೆ ನಮ್ಮ ಕಚೇರಿಯ ಅರವತ್ತು ಚಿಲ್ಲರೆ ಕಂಪ್ಯೂಟರುಗಳು ಅದೇ ಸಾಂಬಾದ ಡೊಮೇನಿಗೆ (ಎಲ್ಲರ ಖಾತೆಗಳನ್ನು ಒಂದೇ ಕಡೆ ಇಡುವ ಜಾಲಕ್ಕೆ) ಲಾಗಿನ್ ಆಗಲು ಶುರುಮಾಡಿ ಹತ್ತಿರ ಹತ್ತಿರ ಎರಡು ವರ್ಷ. ಶುರುವಾದಾಗ ಅದಿನ್ನೂ ಆಲ್ಫಾ, ಅಂದರೆ ಪರೀಕ್ಷೆಗೆಂದು ಮೊದಲೇ ಬಿಡುವ ಅಪೂರ್ಣ ಆವೃತ್ತಿ. "ಆಲ್ಫಾನ ಯಾರಾದ್ರೂ ಆಫೀಸಿಗೆ ಹಾಕ್ತಾರೇನ್ರೀ?" ಅಂತ ನಕ್ಕವರು ಒಬ್ಬಿಬ್ಬರಲ್ಲ. ಹಾಗೆ ನಕ್ಕವರಲ್ಲೇ ಇಬ್ಬರು ಈಗ "ಹೇಗೆ ಮಾಡಿದ್ರಿ, ಸ್ವಲ್ಪ ಬರೆದುಕೊಡಿ" ಅಂತ ಗಂಟುಬಿದ್ದಿದ್ದಾರೆ. ಬರೆಯುತ್ತಿದ್ದೇನೆ. ಕಂಪೈಲ್ ಮಾಡುವುದು, ಕರ್ಬರೋಸ್ ಟಿಕೆಟ್ (ಲಾಗಿನ್ ಆದಾಗ ಸಿಗುವ ಗುರುತಿನ ಚೀಟಿ) ಅಂದರೇನು, ಡೊಮೇನಿಗೆ ಡಿಎನ್‌ಎಸ್ (ಹೆಸರಿನಿಂದ ಕಂಪ್ಯೂಟರಿನ ವಿಳಾಸ ಹುಡುಕುವ ಸೇವೆ) ಯಾಕೆ ಬೇಕು, ಇವೆಲ್ಲ ಓದುವವರಿಗೆ ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ಮೊದಲು ದುಡ್ಡಿನ ಮಾತು, ಯಾಕೆಂದರೆ ಶುರುವಾಗಿದ್ದೇ ಅಲ್ಲಿಂದ. ನಮ್ಮಲ್ಲಿ ಇದ್ದದ್ದು ಸಾಂಬಾ 3ರ ಹಳೇ ಎನ್‌ಟಿ ಮಾದರಿಯ ಡೊಮೇನು. ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವುದು) ಇಲ್ಲ. ಹೊಸ ವಿಂಡೋಸ್ 7 ಪೆಟ್ಟಿಗೆ ಬಂದಾಗಲೆಲ್ಲ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಸೆಟ್ಟಿಂಗುಗಳ ಕಣಜ) ಎರಡು ಸಾಲು ತುರುಕದೆ ಡೊಮೇನಿಗೆ ಸೇರುತ್ತಿರಲಿಲ್ಲ. ಮೈಕ್ರೋಸಾಫ್ಟಿನ ಡೊಮೇನ್ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿಗೆ ಹೋಗೋಣ ಅಂತ ಒಬ್ಬ ಸರಬರಾಜುದಾರರಿಂದ ಕೊಟೇಶನ್ ತರಿಸಿದೆವು. ಸರ್ವರ್ ಪರವಾನಗಿ, ತಲೆಗೊಂದರಂತೆ ಪ್ರವೇಶ ಪರವಾನಗಿ, ಎಲ್ಲ ಕೂಡಿದರೆ ಯಂತ್ರದ ಬೆಲೆಯ ಎರಡೂವರೆ ಪಟ್ಟು. ಮ್ಯಾನೇಜರು ಕಾಗದ ಮಡಚಿ ಡ್ರಾಯರಿಗೆ ಹಾಕಿದರು. ನಾನು 2006ರಲ್ಲೇ, ಮೊದಲ ಟೆಕ್ನಾಲಜಿ ಪ್ರಿವ್ಯೂ ಬಂದಾಗ, ಸಾಂಬಾ 4ನ್ನು ಮನೆಯ ಯಂತ್ರದಲ್ಲಿ ಹಾಕಿ ಆಡಿದ್ದೆ. ಆಗ ಡೊಮೇನನ್ನು ಮೊದಲ ಸಲ ಸಿದ್ಧಪಡಿಸುವ ಪ್ರಾವಿಜನ್ ಸ್ಕ್ರಿಪ್ಟು ಜಾವಾಸ್ಕ್ರಿಪ್ಟಿನಲ್ಲಿತ್ತು. ಆಮೇಲೆ ಪೈಥಾನಿಗೆ ಬಂತು. ಆಗ ಅದು ಆಟದ ಸಾಮಾನು. 2011ರ ಮೊದಲಿಗೆ, ಆಲ್ಫಾ 14 ಅಂತ ನೆನಪು, ಮತ್ತೆ ಹಾಕಿ ನೋಡಿದರೆ ವಿಂಡೋಸ್ 7 ರಿಜಿಸ್ಟ್ರಿ ಮುಟ್ಟದೆಯೇ ಸೇರಿತು, ಪಾಲಿಸಿಯೂ ಇಳಿಯಿತು. ಅಲ್ಲಿಗೆ ನನ್ನ ನಿದ್ದೆ ಹಾಳಾಯಿತು.

ಮೊದಲ ಪ್ರಯತ್ನ ಹದಿನೈದು ದಿನವೂ ಬಾಳಲಿಲ್ಲ. ದುರಾಸೆ ನನ್ನದು: ಡೊಮೇನು, ಫೈಲು, ಪ್ರಿಂಟರು ಮೂರನ್ನೂ ಅದೇ ಆಲ್ಫಾ ಪೆಟ್ಟಿಗೆಗೆ ಹೇರಿದೆ. ಪ್ರಿಂಟಿಂಗ್ ಇಲ್ಲ ಅಂತ ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿತ್ತು. "ಏನಾದರೂ ದಾರಿ ಇರುತ್ತೆ" ಅಂದುಕೊಂಡೆ, ಇರಲಿಲ್ಲ. ಲೆಕ್ಕಪತ್ರದವರ ದೊಡ್ಡ ಶೀಟನ್ನು ಇಬ್ಬರು ಒಟ್ಟಿಗೆ ತೆರೆದರೆ ಒಬ್ಬರದ್ದು ಉಳಿಯುತ್ತಿತ್ತು, ಇನ್ನೊಬ್ಬರದ್ದು ಗೋವಿಂದ. ಎರಡನೇ ಶುಕ್ರವಾರ ರಾತ್ರಿ ಎಲ್ಲ ಹಳೆಯದಕ್ಕೆ ವಾಪಸ್ ತಿರುಗಿಸಿದೆ. ಅರ್ಧ ದಿನ ಅರವತ್ತು ಜನ ಕೈಕಟ್ಟಿ ಕೂತಿದ್ದರ ಲೆಕ್ಕವನ್ನು ಮ್ಯಾನೇಜರು ನನ್ನೆದುರೇ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದರು. ಕೊಟೇಶನ್ನಿನ ಕಾಲು ಭಾಗ ಅಲ್ಲೇ ಹೋಗಿತ್ತು.

ಎರಡು ತಿಂಗಳು ಸುಮ್ಮನಿದ್ದೆ. ಆಮೇಲೆ ಹೊಳೆದದ್ದು ತೀರಾ ಸರಳ ಉಪಾಯ, ಮೊದಲೇ ಹೊಳೆಯಬೇಕಿತ್ತು. ಆಲ್ಫಾ ಚೆನ್ನಾಗಿ ಮಾಡುತ್ತಿದ್ದದ್ದು ಒಂದೇ ಕೆಲಸ, ಯಾರು ಯಾರೆಂದು ಗುರುತು ಹಿಡಿಯುವುದು. ಅದಕ್ಕೆ ಅದೊಂದನ್ನೇ ಬಿಟ್ಟೆ. ಫೈಲು, ಪ್ರಿಂಟರು ಎಲ್ಲ ಹಳೇ ಸಾಂಬಾ 3ರ ಕೈಯಲ್ಲೇ ಇರಲಿ, ಅದು ವಿನ್‌ಬೈಂಡ್ (ಡೊಮೇನಿನ ಖಾತೆಗಳನ್ನು ಲಿನಕ್ಸಿಗೆ ಪರಿಚಯಿಸುವ ಸಾಂಬಾದ ಭಾಗ) ಮೂಲಕ ಹೊಸ ಡೊಮೇನಿನ ಸದಸ್ಯ ಆಗಲಿ. ಆಲ್ಫಾ ಬಿದ್ದರೂ ಯಾರ ಫೈಲೂ ಕೆಡುವುದಿಲ್ಲ. ಇನ್ನೊಂದು ಲಾಭ ಆಮೇಲೆ ಅರಿವಿಗೆ ಬಂತು. ವಿಂಡೋಸ್ ಹಿಂದಿನ ಹತ್ತು ಲಾಗಿನ್‌ಗಳನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ, ಕರ್ಬರೋಸ್ ಟಿಕೆಟ್ಟು ಹತ್ತು ಗಂಟೆ ಬಾಳುತ್ತದೆ. ಬೆಳಗ್ಗೆ ಎಲ್ಲರೂ ಲಾಗಿನ್ ಆಗಿ ತಮ್ಮ ಫೋಲ್ಡರು ತೆರೆದ ಮೇಲೆ ಡೊಮೇನ್ ಕಂಟ್ರೋಲರನ್ನು (ಖಾತೆಗಳನ್ನು ನೋಡಿಕೊಳ್ಳುವ ಆ ಸರ್ವರನ್ನು) ಇಪ್ಪತ್ತು ನಿಮಿಷ ಕೆಡವಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಎಷ್ಟೋ ಸಲ ಕೆಡವಿದ್ದೇನೆ, ಯಾರೂ ಕೇಳಿಲ್ಲ.

ವಿನ್‌ಬೈಂಡ್ ಹಾಕುವವರಿಗೆ ಒಂದು ಮಾತು: ಐಡಿ ಮ್ಯಾಪಿಂಗನ್ನು (ಡೊಮೇನಿನ ಖಾತೆಗೆ ಲಿನಕ್ಸ್ ಸಂಖ್ಯೆ ಕೊಡುವುದನ್ನು) ಡೀಫಾಲ್ಟಿಗೆ ಬಿಡಬೇಡಿ. ಬಿಟ್ಟೆ, ಎರಡನೇ ಫೈಲ್ ಸರ್ವರಿಗೆ ಬ್ಯಾಕಪ್ ಇಳಿಸಿದಾಗ ಮಾರಾಟ ವಿಭಾಗದ ಫೈಲುಗಳೆಲ್ಲ ಗೋದಾಮಿನವರ ಹೆಸರಿಗೆ ಹೋಗಿದ್ದವು. ಡೊಮೇನಿನ ಸಂಖ್ಯೆಯಿಂದಲೇ ಅದನ್ನು ಲೆಕ್ಕಹಾಕುವ ರಿಡ್ ಬ್ಯಾಕೆಂಡ್ ಹಾಕಿದರೆ ಎರಡೂ ಕಡೆ ಒಂದೇ ಲೆಕ್ಕ ಬರುತ್ತದೆ.

ಎರಡನೇ ಪ್ರಯತ್ನವೂ ಸುಸೂತ್ರ ನಡೆಯಿತು ಅಂತಲ್ಲ. ಒಂದು ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಫೋನು: "ಸಾರ್, ಪಾಸ್‌ವರ್ಡ್ ತಪ್ಪು ಅಂತಿದೆ." ಐದು ನಿಮಿಷಕ್ಕೆ ಹತ್ತು ಫೋನು. ಯಾರ ಷೇರೂ ತೆರೆಯುತ್ತಿಲ್ಲ. ಆಲ್ಫಾ ಕೈಕೊಟ್ಟಿತು ಅಂತ ಲಾಗ್ ಲೆವೆಲ್ ಹತ್ತಕ್ಕೆ ಏರಿಸಿ ಸಾವಿರಾರು ಸಾಲು ಓದಿದೆ. ಒಂದೂವರೆ ಗಂಟೆ ಆದ ಮೇಲೆ ಸುಮ್ಮನೆ ಡೇಟ್ ಅಂತ ಟೈಪ್ ಮಾಡಿದೆ. ಸರ್ವರು ನಲವತ್ತು ನಿಮಿಷ ಹಿಂದಿತ್ತು. ಶನಿವಾರ ಡಿಸ್ಕ್ ನಕಲು ಮಾಡಲು ವರ್ಚುವಲ್ ಮಷೀನನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಿದ್ದವನು ನಾನೇ. ಎದ್ದ ಮೇಲೆ ಎನ್‌ಟಿಪಿಡಿ ಗಡಿಯಾರವನ್ನು ತಿದ್ದುತ್ತದೆ ಎಂದು ನಂಬಿದ್ದೆ. ಆದರೆ ವ್ಯತ್ಯಾಸ 1000 ಸೆಕೆಂಡು ದಾಟಿದರೆ ಅದು ತಿದ್ದುವುದಿಲ್ಲ, ಲಾಗಿನಲ್ಲಿ ಒಂದು ಸಾಲು ಬರೆದು ತಾನೇ ಸಾಯುತ್ತದೆ. ಕರ್ಬರೋಸ್ ಸಹಿಸುವುದು ಐದೇ ನಿಮಿಷ. ತಮಾಷೆ ಅಂದರೆ, "ತಪ್ಪು ಪಾಸ್‌ವರ್ಡ್ ಎಂಬ ಎಷ್ಟೋ ದೂರುಗಳು ನಿಜಕ್ಕೂ ಗಡಿಯಾರದ ವ್ಯತ್ಯಾಸ" ಎಂಬರ್ಥದ ಮಾತು ಆಲ್ಫಾದ ಟಿಪ್ಪಣಿಯಲ್ಲೇ ಇತ್ತು. ಮೂರು ಸಲ ಓದಿದ್ದೆ ಅದನ್ನು.

ಅದಕ್ಕಿಂತ ದೊಡ್ಡ ಅವಮಾನ ಆರು ವಾರಕ್ಕೆ ಕಾದಿತ್ತು. ಬಳಕೆದಾರರನ್ನೆಲ್ಲ ಒಂದೇ ಸ್ಕ್ರಿಪ್ಟಿನಲ್ಲಿ ಒಂದೇ ಸಂಜೆ ಸೃಷ್ಟಿಸಿದ್ದೆ. ಡೊಮೇನಿನ ಡೀಫಾಲ್ಟ್ ಪ್ರಕಾರ ಪಾಸ್‌ವರ್ಡಿನ ಆಯಸ್ಸು 42 ದಿನ. ಹಾಗಾಗಿ ಅರವತ್ತೂ ಜನರ ಪಾಸ್‌ವರ್ಡು ಒಂದೇ ಬೆಳಗ್ಗೆ ಸತ್ತವು. "ಇಷ್ಟು ದಿನದಲ್ಲಿ ಮುಗಿಯುತ್ತದೆ" ಎಂಬ ಗುಳ್ಳೆ ವಾರದಿಂದ ಬರುತ್ತಿತ್ತಂತೆ, ಎಲ್ಲರೂ × ಗುರುತು ಒತ್ತಿ ಮುಚ್ಚುತ್ತಿದ್ದರಂತೆ. ಹೊಸದು ಕೊಡೋಣವೆಂದರೆ ಏಳು ಅಕ್ಷರ ಬೇಕು, ದೊಡ್ಡಕ್ಷರ, ಅಂಕಿ ಬೇಕು. ಯಾರು ಏನು ಕೊಟ್ಟರೂ ಒಲ್ಲೆ ಎನ್ನುತ್ತಿತ್ತು. ಮನುಷ್ಯರನ್ನಾದರೂ ಸಮಾಧಾನ ಮಾಡಬಹುದು. ಸ್ಕ್ಯಾನರಿನ ಖಾತೆಯೂ ಅವತ್ತೇ ಸತ್ತಿತ್ತು, ಅದು ಯಾವ ಗುಳ್ಳೆಯನ್ನೂ ತೋರಿಸಲಿಲ್ಲ, ಮೂರು ದಿನದ ಸ್ಕ್ಯಾನುಗಳನ್ನು ಸುಮ್ಮನೆ ಚೆಲ್ಲಿತು. "ನೋಡಿದ್ರಾ ನಿಮ್ಮ ಆಲ್ಫಾ" ಅಂದರು ಪಕ್ಕದವರು. ಅದು ಆಲ್ಫಾದ ತಪ್ಪೇ ಅಲ್ಲ, ಪೂರಾ ದುಡ್ಡು ಕೊಟ್ಟು ತಂದಿದ್ದರೂ ಅದೇ 42 ಇರುತ್ತಿತ್ತು ಅಂತ ಹೇಳಿದೆ. ಯಾರು ಕೇಳುತ್ತಾರೆ? ಅವತ್ತಿನಿಂದ ಯಂತ್ರಗಳ ಖಾತೆಗೆಲ್ಲ ಅವಧಿಯೇ ಇಲ್ಲ.

ಎರಡನೇ ಪ್ರಯತ್ನದಲ್ಲಿ ನಿಜವಾಗಿ ಆಲ್ಫಾದಿಂದಲೇ ಬಂದ ಕಷ್ಟ ಒಂದೇ, ಮೇಲ್ದರ್ಜೆಗೇರಿಸುವುದು. ಒಂದು ಆಲ್ಫಾಯಿಂದ ಇನ್ನೊಂದಕ್ಕೆ ಡೇಟಾಬೇಸಿನ ಒಳರಚನೆ ಬದಲಾಗುತ್ತಿತ್ತು. ಅದಕ್ಕೆಂದು ಅಪ್‌ಗ್ರೇಡ್‌ಪ್ರಾವಿಜನ್ ಎಂಬ ಸ್ಕ್ರಿಪ್ಟಿತ್ತು. ಮೊದಲ ಸಲ ಅದನ್ನು ಓಡುತ್ತಿರುವ ಡೇಟಾಬೇಸಿನ ಮೇಲೆಯೇ ಬಿಟ್ಟೆ, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಅರ್ಧಕ್ಕೆ ನಿಂತಿತು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯ. ಆ ಬ್ಯಾಕಪ್ಪನ್ನು ನಾನು ಸಾಂಬಾ ಓಡುತ್ತಿರುವಾಗಲೇ ಸಿಪಿ (ಸಾದಾ ನಕಲು) ಕಮಾಂಡಿನಲ್ಲಿ ಎತ್ತಿದ್ದೆ. ಟಿಡಿಬಿ ಫೈಲನ್ನು (ಸಾಂಬಾದ ಡೇಟಾಬೇಸ್ ಫೈಲು) ಹಾಗೆ ಎತ್ತಿದರೆ ಬರೆಯುವ ನಡುವಿನ ಚಿತ್ರ ಸಿಗುತ್ತದೆ. ಮೂರರಲ್ಲಿ ಒಂದು ನಕಲು ತೆರೆಯಲೇ ಇಲ್ಲ. ಟಿಡಿಬಿಬ್ಯಾಕಪ್ ಅಂತ ಒಂದು ಕಮಾಂಡ್ ಇರುವುದೇ ಅದಕ್ಕೆ. ಪಾಲಿಸಿ ಫೈಲುಗಳಿರುವ ಸಿಸ್‌ವಾಲ್ ಫೋಲ್ಡರನ್ನು ಬರೀ ಟಾರ್ ಮಾಡಿದ್ದೂ (ಒಂದೇ ಫೈಲಾಗಿ ಕಟ್ಟಿದ್ದೂ) ಇನ್ನೊಂದು ಪೆದ್ದತನ: ವಿಂಡೋಸ್ ಅನುಮತಿಗಳು ಇರುವುದು ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟಿನಲ್ಲಿ (ಫೈಲಿಗೆ ಅಂಟಿದ ಹೆಚ್ಚುವರಿ ಮಾಹಿತಿಯಲ್ಲಿ), ಸಾದಾ ಟಾರ್ ಅದನ್ನು ಮುಟ್ಟುವುದಿಲ್ಲ. ಪಾಲಿಸಿ ಫೈಲುಗಳು ಬಂದವು, ಅವುಗಳ ಅನುಮತಿ ಬರಲಿಲ್ಲ. ಆ ಶನಿವಾರ, ಭಾನುವಾರ ಎರಡೂ ಹೋದವು.

ಅಲ್ಲಿಂದ ಮುಂದೆ ಓಡುತ್ತಿರುವ ಕಂಟ್ರೋಲರನ್ನು ಒಮ್ಮೆಯೂ ನೇರವಾಗಿ ಅಪ್‌ಗ್ರೇಡ್ ಮಾಡಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡೆ. ಅದು ಕಚೇರಿಯ ಜಾಲಕ್ಕೆ ಸೇರಿಲ್ಲ. ಅದರದ್ದೇ ಒಂದು ಸ್ವಿಚ್ಚು, ಒಂದು ಎಕ್ಸ್‌ಪಿ, ಒಂದು ವಿಂಡೋಸ್ 7, ಅಷ್ಟೇ. ಹೊಸ ಆವೃತ್ತಿ ಬಂದಾಗ ಡೇಟಾಬೇಸಿನ ನಕಲನ್ನು ಅಲ್ಲಿಗೆ ಒಯ್ದು, ಅದೇ ಹೆಸರು, ಅದೇ ಐಪಿ ಕೊಟ್ಟು ಅಪ್‌ಗ್ರೇಡ್ ಮಾಡುತ್ತೇನೆ. ಅಪ್‌ಗ್ರೇಡಿಗೆ ಮುಂಚಿನದ್ದು, ನಂತರದ್ದು ಎರಡನ್ನೂ ಎಲ್‌ಡಿಬಿಸರ್ಚ್‌ನಿಂದ ಪೂರ್ತಿ ಪಠ್ಯವಾಗಿ ಸುರಿದು ಡಿಫ್ (ಎರಡರ ವ್ಯತ್ಯಾಸ ತೋರಿಸುವ ಕಮಾಂಡ್) ಹಾಕುತ್ತೇನೆ. ಮೊದಲ ಸಲ ಹಾಕಿದಾಗ ಹದಿನೆಂಟೋ ಇಪ್ಪತ್ತೋ ಸಾವಿರ ಸಾಲು ವ್ಯತ್ಯಾಸ, ಕಣ್ಣು ಕತ್ತಲೆ ಬಂತು. ಅದರಲ್ಲಿ ಬಹುಪಾಲು ಹೊಟ್ಟು. ಕೊನೆಯ ಲಾಗಿನ್, ಬದಲಾದ ಸಮಯ, ಯುಎಸ್‌ಎನ್ ಸಂಖ್ಯೆ (ಬದಲಾವಣೆಗಳ ಕ್ರಮಸಂಖ್ಯೆ), ಇವನ್ನು ಸೋಸಿದರೆ ಅರ್ಧ ಇಳಿಯುತ್ತದೆ. ಇನ್ನು ಏನೇನು ಸೋಸಬೇಕು, ಯಾವ ಕ್ರಮದಲ್ಲಿ ವಿಂಗಡಿಸಬೇಕು ಎಂಬ ಪಟ್ಟಿ ನನ್ನ ಹತ್ತಿರವೇ ಇರಲಿ. ಏಳು ತಿಂಗಳ ದುಡಿಮೆ ಅದು. ಈಗ ಸೋಸಿದ ಮೇಲೆ ನೂರು ಸಾಲಿನೊಳಗೆ ಉಳಿಯುತ್ತದೆ, ಅದನ್ನು ಕೂತು ಓದಬಹುದು. ಓದಿ ಸರಿ ಕಂಡರೆ ಎರಡೂ ವಿಂಡೋಸ್ ಪೆಟ್ಟಿಗೆಯಿಂದ ಲಾಗಿನ್, ಪಾಸ್‌ವರ್ಡ್ ಬದಲು, ಪಾಲಿಸಿ ಇಳಿಸುವುದು, ಒಂದು ಹೊಸ ಯಂತ್ರ ಸೇರಿಸುವುದು. ಎರಡು ದಿನ ಹಾಗೇ ಬಿಡುತ್ತೇನೆ. ಆಮೇಲೆ ಒಂದು ಮಧ್ಯಾಹ್ನ ಹೊಸದಾಗಿ ನಕಲು ತಂದು ಅದೇ ದಾರಿಯಲ್ಲಿ ಏರಿಸಿ, ಕಚೇರಿಯ ಕೇಬಲನ್ನು ಹಳೇ ಯಂತ್ರದಿಂದ ಹೊಸದಕ್ಕೆ ಬದಲಿಸುತ್ತೇನೆ. ಹಳೇ ಯಂತ್ರವನ್ನು ಮುಟ್ಟದೆ ಆರಿಸಿಡುತ್ತೇನೆ.

ಎರಡು ಕಂಟ್ರೋಲರ್ ಇಟ್ಟು ರೆಪ್ಲಿಕೇಶನ್ (ಒಂದರ ಮಾಹಿತಿ ಇನ್ನೊಂದಕ್ಕೂ ನಕಲಾಗುವಂತೆ) ಮಾಡಬಹುದಿತ್ತಲ್ಲ ಅಂತ ಕೇಳುತ್ತಾರೆ. ಆಲ್ಫಾ ಕಾಲದಲ್ಲಿ ನನಗೆ ಅದು ದಕ್ಕಲಿಲ್ಲ. ಒಂದೇ ಇದ್ದರೆ ಹಳೇ ನಕಲಿಗೆ ಧೈರ್ಯವಾಗಿ ಹಿಂದಿರುಗಬಹುದು. ಎರಡಿದ್ದರೆ ಹಿಂದಿರುಗಿದವನನ್ನು ಇನ್ನೊಬ್ಬ ನಂಬುವುದಿಲ್ಲ.

ನಡುವೆ ದಾರಿ ತಪ್ಪಿದ್ದೂ ಉಂಟು. ಓಪನ್‌ಚೇಂಜ್ (ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಮೇಲ್ ಸರ್ವರಿಗೆ ಮುಕ್ತ ಪರ್ಯಾಯ) ಹಾಕಿ ಔಟ್‌ಲುಕ್ಕಿಗೆ ಮೇಲ್ ಕೊಡಿಸುತ್ತೇನೆ ಅಂತ ಎರಡು ವಾರಾಂತ್ಯ ಕಳೆದೆ. ಒಂದು ಮೇಲ್ ಬಂತು. ಒಂದೇ. ಡೊಮೇನಿಗೆ ಡಾಟ್ ಲೋಕಲ್ ಅಂತ ಹೆಸರಿಟ್ಟದ್ದು ಇನ್ನೊಂದು: ವಿಂಡೋಸ್‌ಗಳು ತೆಪ್ಪಗಿದ್ದವು, ನಾಲ್ಕು ಲಿನಕ್ಸ್ ಲ್ಯಾಪ್‌ಟಾಪ್‌ಗಳು ಮಾತ್ರ ಡೊಮೇನು ಕಾಣುತ್ತಿಲ್ಲ ಎಂದವು. ಆ ಹೆಸರನ್ನು ಅವಾಹಿ (ಸ್ಥಳೀಯ ಜಾಲದಲ್ಲಿ ಹೆಸರು ಹುಡುಕುವ ಲಿನಕ್ಸ್ ಸೇವೆ) ತನ್ನದೆಂದು ಹಿಡಿದು ಡಿಎನ್‌ಎಸ್ ತನಕ ಹೋಗಲು ಬಿಡುತ್ತಿರಲಿಲ್ಲ. ಹೆಸರು ಬದಲಿಸಲು ಮೊದಲ ಪ್ರಯತ್ನ ಮಣ್ಣುಗೂಡಿದ್ದೇ ಒಳ್ಳೆಯ ನೆಪವಾಯಿತು.

ಉಳಿತಾಯ ಎಷ್ಟು ಅಂದರೆ, ಪ್ರಾಮಾಣಿಕವಾಗಿ, ಮೊದಲ ವರ್ಷ ಸೊನ್ನೆ. ಸೆಕೆಂಡ್ ಹ್ಯಾಂಡ್ ಯಂತ್ರ, ಎರಡು ಡಿಸ್ಕು, ಆ ಅರ್ಧ ದಿನದ ನಷ್ಟ, ನನ್ನ ತಿಂಗಳಿಗೆರಡು ವಾರಾಂತ್ಯ. ನನ್ನ ಹೊತ್ತಿಗೆ ಅರ್ಧ ಸಂಬಳ ಹಿಡಿದರೂ ಕೊಟೇಶನ್ನನ್ನು ಮೀರುತ್ತಿತ್ತು. ಮ್ಯಾನೇಜರಿಗೆ ತೋರಿಸಿದ ಲೆಕ್ಕದಲ್ಲಿ ವಾರಾಂತ್ಯಗಳನ್ನು ಹಿಡಿದಿರಲಿಲ್ಲ. ಎರಡನೇ ವರ್ಷ ಮೂರು ತಿಂಗಳಿಗೊಂದು ಸಂಜೆ ಸಾಕಾಯಿತು, ಹೊಸದಾಗಿ ಸೇರಿದ ಹದಿನೈದು ಜನರಿಗೆ ಪರವಾನಗಿ ಕೊಳ್ಳಬೇಕಾಗಲಿಲ್ಲ. ಅಲ್ಲಿ ಗೆದ್ದದ್ದು.

ಕೊನೆಯ ಆರ್‌ಸಿಯಿಂದ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯಿಂದ) 4.0.0ಗೆ ಏರಿಸಿದ ದಿನ ಸೋಸಿದ ಡಿಫ್‌ನಲ್ಲಿ ಹನ್ನೊಂದು ಸಾಲು ಉಳಿದಿತ್ತು. ಹನ್ನೆರಡೂವರೆಗೆ ಕೇಬಲ್ ಬದಲಿಸಿದೆ, ಒಂದಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ಅದರಲ್ಲಿ ಒಳಗೇ ಡಿಎನ್‌ಎಸ್ ಸರ್ವರ್ ಕೊಟ್ಟಿದ್ದರು. ನಾನಿನ್ನೂ ಬೈಂಡ್ (ಪ್ರತ್ಯೇಕ ಡಿಎನ್‌ಎಸ್ ತಂತ್ರಾಂಶ) ಬಿಟ್ಟಿರಲಿಲ್ಲ. ಫೈಲುಗಳು ಆಗಲೂ ಸಾಂಬಾ 3ರಲ್ಲೇ ಇದ್ದವು, ಅವನ್ನು ಮುಂದಿನ ಬೇಸಿಗೆಗೆ ಬಿಟ್ಟೆ.